ಇಯರ್‌ಫೋನ್: ಬಲಗಿವಿ ಅರ್ಧ ತಾಸಿಗೇ ನೋಯ್ತದ, ಯಾವದು ತೊಗೊಳ್ಳಲಿ?

ಚಿಗರಿ_ಪ್ರಯಾಣಿಕಳು (ಧಾರವಾಡ)

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿವಸದಿಂದ ಇಲ್ಲಿ ಸುಮ್ನ ಓದ್ಕೋತ ಇದ್ದೆ, ಬರಿಯೂದು ಇದ ಮೊದಲನೇ ಸಲ.

ನಾನು ದಿನಾ ಜುಬಿಲಿ ಸರ್ಕಲ್‌ನಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನ್ಯಾಗ ಹೋಗಿ ಬರ್ತೀನಿ. ಹೋಗಲಿಕ್ಕೆ ಮುಕ್ಕಾಲು ತಾಸು, ಬರಲಿಕ್ಕೆ ಮುಕ್ಕಾಲು ತಾಸು. ಹಿಂದುಸ್ತಾನಿ ಗಾಯನ ಕಲೀಲಿಕ್ಕತ್ತು ನಾಕು ವರ್ಷ ಆತು. ಮನ್ಯಾಗ ರಿಯಾಜಿಗೆ ಸಿಗೂ ಹೊತ್ತು ಕಡಿಮಿ, ಹಿಂಗಾಗಿ ಗುರುಗಳು ಕಳಿಸಿದ ಪಾಠ, ಮನಸೂರರ ಹಾಡಿಕೆ, ಗಂಗೂಬಾಯಿ ಅವರ ಹಳೇ ರೆಕಾರ್ಡು, ಎಲ್ಲಾ ಕೇಳೂದು ಬಸ್ಸಿನ್ಯಾಗ.

ಮೊದಲ ಫೋನಿನ ಜೋಡಿ ಬಂದಿದ್ದ ಗಟ್ಟಿ ಪ್ಲಾಸ್ಟಿಕ್ಕಿನ ಇಯರ್‌ಫೋನ್ ಇತ್ತು. ನನ್ನ ಕಿವಿ ಸಣ್ಣು, ಅದು ನಿಲ್ಲೂದ ಇಲ್ಲ. ಹ್ವಾದ ವರ್ಷ ವೈರ್ ಇಲ್ಲದ ಬಡ್ಸ್ ತೊಗೊಂಡೆ. ರಬ್ಬರ್ ಇರೋದು, ಒಳಗ ಕೂಡ್ತದ. ಆದ್ರ ಬಸ್ಸು ನವನಗರ ದಾಟೂದ್ರೊಳಗ ಬಲಗಿವಿ ಎಷ್ಟು ನೋಯ್ತದಂದ್ರ ತಗದ ಇಡಬೇಕು. ಎಡಗಿವಿ ನೋಯೂದಿಲ್ಲ, ಆದ್ರ ಆ ಕಡಿದು ಸಡ್ಲ ಆಕ್ಕೋತ ಬರ್ತದ. ಆವಾಗ ತಂಬೂರಿ ಅನ್ನೂದು ಡಬ್ಬಿಯೊಳಗ ಸೊಳ್ಳಿ ಗುಂಯ್‌ಗುಟ್ಟಿಧಂಗ ಕೇಳ್ತದ.

ಮೂರು ಸಾವಿರದ ಒಳಗ ಏನರೇ ಹೇಳ್ರಿ. ನನ್ನ ಫೋನಿಗೆ ಇಯರ್‌ಫೋನ್ ತೂತು ಇಲ್ಲ, ಟೈಪ್-ಸಿ ಅಷ್ಟ ಅದ. ಇನ್ನೊಂದು ಮಾತು, ಝುಮಕಿ ಹಾಕ್ಕೊಳ್ಳೂ ರೂಢಿ ಅದ. ನಗಬ್ಯಾಡ್ರಿ, ಇದೂ ಒಂದು ಸಮಸ್ಯಾನ.

ವಿದ್ಯಾನಗರ_ಟೆಕ್ಕಿ (ಹುಬ್ಬಳ್ಳಿ)

ಮೇಡಂ, ಮೂರು ಸಾವಿರಕ್ಕ ಎಎನ್‌ಸಿ (ಹೊರಗಿನ ಸಪ್ಪಳ ತಗ್ಗಸೂದು) ಇರೋ ಟಿಡಬ್ಲ್ಯೂಎಸ್, ಅಂದ್ರ ವೈರ್ ಇಲ್ಲದ ಬಡ್ಸ್, ಬೇಕಾದಷ್ಟು ಸಿಗ್ತಾವ. ಎಲ್‌ಡಿಎಸಿ ಇರೋದು ನೋಡಿ ತೊಗೊಳ್ರಿ. ಎಸ್‌ಬಿಸಿ, ಎಲ್‌ಡಿಎಸಿ ಅಂದ್ರ ಬ್ಲೂಟೂತ್ ಮ್ಯಾಲೆ ಹಾಡು ಕಳಿಸೂ ವಿಧಾನ. ಎಸ್‌ಬಿಸಿ ಸಾಮಾನ್ಯವಾಗಿ 328 ಕೆಬಿಪಿಎಸ್‌ಗೆ (ಸೆಕೆಂಡಿಗೆ ಹೋಗೂ ಮಾಹಿತಿಯ ಲೆಕ್ಕ) ನಿಲ್ತದ, ಎಲ್‌ಡಿಎಸಿ 990 ತನಕಾ ಹೋಗ್ತದ. ಆಂಡ್ರಾಯ್ಡ್ 8 ಬಂದಾಗಿಂದ ಭಾಳಷ್ಟು ಫೋನಿನ್ಯಾಗ ಐತಿ. ಈ ಕಾಲದಾಗ ವೈರ್ ಯಾಕ್ರಿ, ಝುಮಕಿಗೂ ತೊಂದ್ರಿ ಇಲ್ಲ.

ರೇಡಿಯೊ_ಕಾಕಾ (ದುರ್ಗದ ಬೈಲ್, ಹುಬ್ಬಳ್ಳಿ)

ತಂಗೀ, ಆ ಕೆಬಿಪಿಎಸ್ ಎಲ್ಲಾ ಸದ್ಯಕ್ಕ ಬದೀಗಿಡವಾ. ರೊಕ್ಕಾನೂ ಕಿಸೇದಾಗ ಇರಲಿ. ಮೊದಲ ನಿನ್ನ ಕಿವಿ ನೋಡೂಣು.

ನನ್ನ ರಿಪೇರಿ ಅಂಗಡಿಗೆ ಮೂವತ್ತು ವರ್ಷದ ಮ್ಯಾಲಾತು. ಟ್ರಾನ್ಸಿಸ್ಟರ್, ಟೇಪ್ ರಿಕಾರ್ಡರ್ ಹ್ವಾದ ಮ್ಯಾಲೆ ಈಗ ಬರೂದೆಲ್ಲಾ ಇಯರ್‌ಫೋನು. "ಕಾಕಾ, ಇದರಾಗ ಬೇಸ್ ಸತ್ತೈತಿ" ಅಂತ ಹುಡುಗ್ರು ತರ್ತಾರ. ನಾ ಹಾಕ್ಕೊಂಡು ಕೇಳಿದ್ರ ಬೇಸ್ ಬರೋಬ್ಬರಿ ಐತಿ. ಸತ್ತಿದ್ದು ಬೇಸ್ ಅಲ್ಲ, ಅವರ ಕಿವ್ಯಾಗ ರಬ್ಬರ್ ಕೂತಿರೂದಿಲ್ಲ, ಸಂದಿನ್ಯಾಗಿಂದ ಗಾಳಿ ಸೋರ್ತಿರ್ತೈತಿ. ಇಯರ್‌ಫೋನಿನ ಒಳಗಿನ ಆ ಗುಂಡು ಸಣ್ಣ ಪರದೆ ಹೊಡ್ಯೂ ಗಾಳಿ ಎಷ್ಟಂತೀರಿ? ಸೂಜಿ ಮೊನಿಯಷ್ಟು ಸಂದಿ ಸಿಕ್ಕರೂ ಕೆಳಗಿನ ಸ್ವರ ಮೊದಲ ಸೋರಿ ಹೋಗ್ತಾವ. ಮ್ಯಾಲಿನವು ಅಷ್ಟು ಸೋರೂದಿಲ್ಲ. ಉಳದದ್ದು ಚಿರ್ ಚಿರ್. ನಿನ್ನ ಸೊಳ್ಳಿ ತಂಬೂರಿ ಅದ.

ಪರೀಕ್ಷಾ ಮಾಡು. ಹಾಡು ಹಚ್ಚಿ, ಎಡಗಡೆ ಬಡ್ ಮ್ಯಾಲೆ ಬೆರಳಿಟ್ಟು ಸಾವಕಾಶ ಒಂಚೂರು ಒಳಗ ಒತ್ತು. ಒತ್ತಿದಾಗ ದನಿ ತುಂಬಿಕೊಂಡು ಬಂದ್ರ, ಬಿಟ್ಟಾಗ ಬಡಕಲಾದ್ರ, ನಿನಗ ಎಡಗಡೆ ದೊಡ್ಡ ರಬ್ಬರ್ ಬೇಕು.

ಬಲಗಡೆ ನೋವಿಗೆ ಒಂದು ಪ್ರಶ್ನೆ ಐತಿ. ನೋವು ಎಲ್ಲಿ? ತೂತಿನ ಒಳಗೋ, ಹೊರಗಿನ ಬಟ್ಟಲದಾಗೋ? ಒಳಗ ನೋಯ್ತಿದ್ರ ರಬ್ಬರ್ ದೊಡ್ಡದಾಗೇತಿ. ಬಟ್ಟಲದಾಗ ನೋಯ್ತಿದ್ರ ಬಡ್ಡಿನ ಡಬ್ಬೀನ ನಿನ್ನ ಕಿವಿಗೆ ದೊಡ್ಡದು, ರಬ್ಬರ್ ಎಷ್ಟು ಬದಲಿ ಮಾಡಿದ್ರೂ ಉಪಯೋಗಿಲ್ಲ. ಇವೆರಡನ್ನೂ ಕೂಡಿಸಿ "ಈ ಕಂಪನಿ ಕಿವಿಗೆ ಆಗೂದಿಲ್ಲ" ಅಂತ ಬರಿಯೋವ್ರನ್ನ ನೋಡಿ ನೋಡಿ ಸಾಕಾಗೇತಿ.

ಎರಡೂ ಕಿವಿಗೆ ಒಂದ ಅಳತಿ ಹಾಕಬೇಕು ಅಂತ ಯಾವ ಶಾಸ್ತ್ರದಾಗೂ ಇಲ್ಲ. ಚಪ್ಪಲಿ ತೊಗೊಳ್ಳುವಾಗ ಒಂದು ಕಾಲಿಗೆ ಬಿಗಿ, ಒಂದು ಕಾಲಿಗೆ ಸಡ್ಲ ಆಗೂದಿಲ್ಲೇನು? ಹಂಗ ಇದು. ಡಬ್ಬಿಯೊಳಗ ಸಣ್ಣು, ನಡುವಿಂದು, ದೊಡ್ಡದು ಮೂರು ಜೋಡಿ ಕೊಟ್ಟಿರ್ತಾರ. ಜನ ಡಬ್ಬಿ ಅಟ್ಟದ ಮ್ಯಾಲೆ ಒಗದು ಬಿಡ್ತಾರ.

ಚಿಗರಿ_ಪ್ರಯಾಣಿಕಳು

ಕಾಕಾ, ನೀವು ಹೇಳಿದ್ದು ಓದಿ ಅಟ್ಟದ ಮ್ಯಾಲೇನ ಹುಡುಕಿದೆ. ಸಿಕ್ತು!

ಎಡಗಡೆ ಒತ್ತಿದ್ರ ಖರೇನ ದನಿ ತುಂಬ್ತದ. ದೊಡ್ಡದು ಹಾಕಿದೆ, ಈಗ ಒತ್ತಿದ್ರೂ ಬಿಟ್ರೂ ಒಂದ ಥರಾ ಕೇಳ್ತದ. ಬಲಗಡೆ ಸಣ್ಣು ಹಾಕಿದೆ. ಒಳಗಿನ ನೋವು ಹೋತು. ಆದ್ರ ಗಲ್ಲದ ಕಡೆ ಕಿವಿ ಮುಂದ ಸಣ್ಣ ಎಸಳಿನಂಗ ಇರ್ತದಲ್ಲಾ, ಅದರ ಒಳಮೈಗೆ ಬಡ್ಡಿನ ಪ್ಲಾಸ್ಟಿಕ್ ಒತ್ತಿ ಒತ್ತಿ ಕೆಂಪಾಗ್ಯದ. ಅಂದ್ರ ನನಗ ಎರಡೂ ರೋಗ ಇದ್ವು ಅಂದ್ಹಂಗಾತು.

ಇನ್ನೊಂದು ವಿಚಿತ್ರ. ಬಲಗಡೆ ಹಾಕ್ಕೊಳ್ಳುವಾಗ ಪ್ರತಿ ಸಲಾನೂ ಕೆಮ್ಮು ಬರ್ತದ. ಬಾಜೂ ಕೂತವ್ರು ಸರದು ಕೂಡ್ತಾರ. ಇದು ನನಗೊಬ್ಬಾಕಿಗೇನೋ?

ಕಿವಿ_ವಾರ್ಡಿನಾಕಿ (ಹುಬ್ಬಳ್ಳಿ)

ನಿಮಗೊಬ್ಬರಿಗೇ ಅಲ್ಲ. ನಾನು ಶ್ರವಣ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ, ಕಿವಿಯೊಳಗೆ ಏನೋ ಮುಟ್ಟಿದ ಕೂಡಲೇ ಕೆಮ್ಮುವವರನ್ನು ಆಗಾಗ ನೋಡುತ್ತೇನೆ. ಗಂಟಲು, ಎದೆ, ಹೊಟ್ಟೆಗೆ ಹೋಗುವ ವೇಗಸ್ ನರದ ಒಂದು ಸಣ್ಣ ಕವಲು ಕಿವಿಯ ನಾಳಕ್ಕೂ ಬರುತ್ತದೆ. ಅಲ್ಲಿ ತಾಗಿದರೆ ಮಿದುಳಿಗೆ ಗಂಟಲಲ್ಲೇ ಏನೋ ಸಿಕ್ಕಿಕೊಂಡಂತೆ ಅನ್ನಿಸಿ ಕೆಮ್ಮು ಬರುತ್ತದೆ. ರೋಗವಲ್ಲ. ನಿಧಾನವಾಗಿ ಹಾಕಿ, ಸಣ್ಣ ರಬ್ಬರಿಗೆ ಕಡಿಮೆಯಾಗಬಹುದು.

ಹಾಕುವ ಕ್ರಮವನ್ನೂ ಹೇಳಿಬಿಡುತ್ತೇನೆ. ಕಿವಿಯ ನಾಳ ನೇರ ಕೊಳವೆಯಲ್ಲ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ನಡುವೆ ಬಳುಕು ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ನಾಳ ಸ್ವಲ್ಪ ನೇರವಾಗುತ್ತದೆ, ಬಡ್ ತಾನೇ ಜಾರಿ ಕೂರುತ್ತದೆ. ಹೊರಗಿನ ಮೂರನೇ ಒಂದು ಭಾಗದ ಗೋಡೆ ಮೆತ್ತಗಿನ ಮೃದ್ವಸ್ಥಿ. ಅದರಾಚೆ ಎಲುಬು, ಅದರ ಮೇಲೆ ಚರ್ಮ ಬಹಳ ತೆಳು. ನೋವು ಬರುವಷ್ಟು ಒಳಗೆ ತುರುಕಿದ್ದೀರಿ ಅಂದರೆ ಆ ಎಲುಬಿನ ಕಡೆಗೆ ಹೋಗಿದ್ದೀರಿ.

ಗುಗ್ಗೆ ಬಗ್ಗೆ: ಅದು ಕೊಳೆಯಲ್ಲ, ತಾನೇ ಹೊರಗೆ ಸರಿಯುತ್ತಾ ಬರುತ್ತದೆ. ದಿನವೂ ತಾಸುಗಟ್ಟಲೆ ಬೂಚು ಜಡಿದರೆ ಬರುವುದನ್ನು ವಾಪಸ್ ಒಳಗೆ ತಳ್ಳಿದಂತೆ. ಇದ್ದಕ್ಕಿದ್ದಂತೆ ಒಂದು ಕಡೆ ದನಿ ಕಡಿಮೆಯಾದರೆ ಎಡ ಬಲ ಅದಲುಬದಲು ಮಾಡಿ ಹಾಕಿ ನೋಡಿ. ಮಂದದನಿ ಬಡ್ಡಿನ ಜೊತೆ ಆಚೆ ಕಿವಿಗೆ ಹೋದರೆ ಬಡ್ಡಿನ ಜಾಳಿಗೆಯಲ್ಲಿ ಗುಗ್ಗೆ ಕಟ್ಟಿದೆ. ಅದೇ ಕಿವಿಯಲ್ಲಿ ಉಳಿದರೆ ಕಿವಿಯನ್ನೇ ಡಾಕ್ಟರಿಗೆ ತೋರಿಸಿ. ಹೇರ್‌ಪಿನ್ನು, ಕಡ್ಡಿ, ಬೈಕಿನ ಕೀಲಿಕೈ ಎಲ್ಲ ಬೇಡ. ಕೊನೆಯದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳಿದೆ.

ಬೆಟಗೇರಿ_ಮಗ್ಗ (ಗದಗ)

ನಂದೂ ಒಂದು ಮಾತು. ನಮ್ಮನಿ ಕೆಳಗ ವಿದ್ಯುತ್ ಮಗ್ಗ ಅದಾವು, ಮ್ಯಾಲೆ ನಾವು ಇರ್ತೀವಿ. ಮಗ್ಗದ ಮುಂದ ನಿಂತು ಮಾತಾಡ್ಬೇಕಂದ್ರ ಕಿವಿಗೆ ಬಾಯಿ ಹಚ್ಚಿ ಒದರಬೇಕು. ನಾ ಹದಿನೆಂಟು ವರ್ಷದಾಂವ ಇದ್ದಾಗಿಂದ ಮಗ್ಗ ನೋಡ್ಕೋತ ಇಯರ್‌ಫೋನ್ ಹಾಕ್ಕೊಂಡು ಹಾಡು ಕೇಳಾಂವ. ಮಗ್ಗದ ಸಪ್ಪಳದ ಮ್ಯಾಲೆ ಹಾಡು ಕೇಳಬೇಕಂದ್ರ ವಾಲ್ಯೂಮ್ ಎಲ್ಲಿಗೆ ಏರಸ್ಬೇಕು? ತುದೀಗೆ.

ಈಗ ಮೂವತ್ತೊಂದು. ರಾತ್ರಿ ಮಗ್ಗ ಬಂದ್ ಆಗಿ ಊರೆಲ್ಲಾ ಮಲಗಿದಾಗ ನನ್ನ ಎಡಗಿವ್ಯಾಗ ಒಂದು ಸೀಟಿ ಊದ್ತಿರ್ತೈತಿ, ಸಣ್ಣಗ, ಬಿಡದ. ಡಾಕ್ಟರ್ ಹೇಳಿದ್ರು, ಇದು ಹೋಗೂದಿಲ್ಲ, ಹೊಂದಿಕೊಂಡು ಇರಬೇಕು ಅಂತ.

ಎಎನ್‌ಸಿ ಇರೋದೂ ತೊಗೊಂಡು ನೋಡಿದೆ. ಫ್ಯಾನಿನ ಗುಂಯ್, ಬಸ್ಸಿನ ಇಂಜಿನ್ ಇಂಥಾ ಒಂದ ಸಮ ಸಪ್ಪಳ ನುಂಗ್ತೈತಿ, ಖರೆ. ಲಾಳಿ ಹೊಡ್ಯೂ ಟಕಾಟಕ್ ಅದರ ಕೈಲೆ ಆಗೂದಿಲ್ಲ. ಅದಕ್ಕ ತಡ್ಯಾಕ ಬೂಚೇ ಬೇಕು, ಸ್ಪಂಜಿನ ಬೂಚು. ಈಗ ಮಗ್ಗದ ಮುಂದ ಬರೇ ಸ್ಪಂಜಿನ ಬೂಚು ಹಾಕ್ತೀನಿ, ಹಾಡು ಇಲ್ಲ. ನಮ್ಮಪ್ಪಗೂ ಹಾಕ್ಸೀನಿ, ಮೊದಲ ಬೈದ, ಈಗ ತಾನ ಕೇಳಿ ಹಾಕ್ಕೊಂತಾನ.

ಅಕ್ಕಾರ, ನಿಮ್ಮ ಎಡಗಡೆ ಬಡ್ ಸಡ್ಲ ಆದಾಗ ನೀವು ಏನ್ ಮಾಡ್ತಿದ್ರಿ? ವಾಲ್ಯೂಮ್ ಏರಿಸ್ತಿದ್ರಿ ಹೌದಲ್ರಿ? ಅದ ನಾ ಹೇಳೂದು.

ಕಿವಿ_ವಾರ್ಡಿನಾಕಿ

ಮಗ್ಗದವರೇ, ಇದನ್ನು ಬರೆದದ್ದು ಒಳ್ಳೆಯದಾಯಿತು. ಲೆಕ್ಕ ಕೇಳುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ 75. ಅಲ್ಲಿಂದ 3 ಡೆಸಿಬೆಲ್ ಏರಿದರೆ ಹೊತ್ತು ಅರ್ಧ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ 5. ಫೋನಿನಲ್ಲಿ ಎರಡು ಮೂರು ಸಲ ಗುಂಡಿ ಒತ್ತುವುದಕ್ಕೆ ನಾವು ಲೆಕ್ಕವೇ ಇಡುವುದಿಲ್ಲ, ಕಿವಿ ಇಡುತ್ತದೆ. ಬಸ್ಸು ನಿಂತಾಗ ನಿಮ್ಮ ಹಾಡು ಜೋರು ಅನ್ನಿಸಿದರೆ, ಬಸ್ಸು ಓಡುವಾಗಲೂ ಅದು ಅಷ್ಟೇ ಜೋರಾಗಿತ್ತು. ನಿಮಗೆ ಗೊತ್ತಾಗಿರಲಿಲ್ಲ ಅಷ್ಟೇ.

ತಿರಕಿಟ_ಗದಗ (ಗದಗ)

ತಬಲಾ ನುಡಿಸ್ತೀನಿ, ಹುಡುಗ್ರಿಗೆ ಕಲಸ್ತೀನಿ. ಪುಣ್ಯಾಶ್ರಮದ ಊರಾಗ ಹುಟ್ಟಿದವ್ರಿಗೆ ಇದು ಹೆಚ್ಚಿನ ಮಾತಲ್ಲ ಬಿಡ್ರಿ, ಓಣಿಗೊಬ್ಬ ತಬಲಾದಾಂವ ಅದಾನ.

ಕಾಕಾರ ಮಾತು ಒಪ್ತೀನಿ, ಒಂದು ತಕರಾರು. ತಂಬೂರಿ ಕೇಳಿ ರಬ್ಬರ್ ಕೂತೈತೋ ಇಲ್ಲೋ ಹೇಳೂದು ಮೋಸ. ಜವಾರಿ (ತಂತಿಯ ಝೇಂಕಾರ) ಹಚ್ಚಿದ ತಂಬೂರಿಯೊಳಗ ಮೂಲ ಸ್ವರಕ್ಕಿಂತ ಮ್ಯಾಲಿನ ಉಪಸ್ವರಗಳ ದರಬಾರು ಜೋರು. ಹೆಣ್ಣುಮಕ್ಕಳು ಕಾಳಿ ನಾಕರ (ಹಾರ್ಮೋನಿಯಂನ ನಾಕನೇ ಕರಿ ಮನಿ) ಮ್ಯಾಲೆ ಹಾಡಿದ್ರ ಷಡ್ಜ ಸುಮಾರು 208 ಹರ್ಟ್ಸ್, ಖರ್ಜದ (ಕೆಳಗಿನ ಷಡ್ಜದ) ತಂತಿ ಅದರ ಅರ್ಧ, 104. ಆ 104 ಪೂರಾ ಸೋರಿ ಹೋದ್ರೂ ಮ್ಯಾಲಿನ ಉಪಸ್ವರ ಕೇಳಿ ಮಿದುಳು ತಾನ ಖರ್ಜ ತುಂಬಿಕೊಳ್ತೈತಿ. "ಶ್ರುತಿ ಕೇಳ್ತದಲ್ಲಾ" ಅಂತ ನೀವು ಸುಮ್ನಿರ್ತೀರಿ. ಎಡಗೈಲೆ ನುಡಿಸೂ ಡಗ್ಗಾ ಹಂಗಲ್ಲ. ಧಾ ಹೊಡದು ಅಂಗೈ ಒತ್ತಿ ಗುಮಕಿ ತಗದಾಗ ಆ ದನಿ ಕೆಳಗಿಂದ ಮ್ಯಾಲೆ ಏರ್ತದಲ್ಲಾ, ಅದು ತುಂಡಾಗದ ಬಂದ್ರ ರಬ್ಬರ್ ಕೂತೈತಿ. ಬರೇ ಬೆರಳಿನ ಪೆಟ್ಟು ಕೇಳಿ, ಗುಮಕಿ ನಡು ಮಾಯ ಆದ್ರ ಸೋರ್ತೈತಿ. ವಿಲಂಬಿತದಾಗ ಕೇಳ್ರಿ, ಹೊತ್ತು ಸಿಗ್ತೈತಿ.

ಎರಡನೇದು, ಯಾರೂ ಹೇಳಿಲ್ಲ. ಅಕ್ಕಾರ ಆನ್‌ಲೈನ್ ಕ್ಲಾಸು ಮಾಡ್ತಿದ್ರ ಬ್ಲೂಟೂತ್ ಬ್ಯಾಡ. ನನ್ನ ಶಿಷ್ಯ ಒಬ್ಬಾಂವ ಆರು ತಿಂಗಳು ಅಂತಿದ್ದ, "ಗುರುಗಳೇ, ನಿಮ್ಮ ತಬಲಾ ತಗಡಿನಂಗ ಕೇಳ್ತೈತಿ" ಅಂತ. ನಾ ಶಾಹಿ (ತಬಲಾ ನಡುವಿನ ಕರಿ) ಕಿತ್ತೈತೇನೋ ಅಂತ ಪುಡಿ, ಅಂದ್ರ ಮ್ಯಾಲಿನ ಚರ್ಮಾನ, ಬದಲಿಸಿದೆ! ಆಮ್ಯಾಲೆ ಗೊತ್ತಾತು. ಬ್ಲೂಟೂತ್ ಬಡ್ಡಿನ ಮೈಕ್ ಚಾಲೂ ಆದ ಕೂಡಲೇ ಅದು ಹಾಡಿನ ದಾರಿ ಬಿಟ್ಟು ಫೋನ್ ಮಾತಿನ ದಾರಿಗೆ ಬೀಳ್ತೈತಿ. ಅಲ್ಲಿ ಎರಡೂ ಕಿವಿಗೆ ಒಂದ ದನಿ, ಅದನ್ನೂ ಸೆಕೆಂಡಿಗೆ 8 ಇಲ್ಲಾ 16 ಸಾವಿರ ಸಲ ಅಷ್ಟ ಅಳೀತೈತಿ. ಎಲ್‌ಡಿಎಸಿ ಗಿಎಲ್‌ಡಿಎಸಿ ಎಲ್ಲಾ ಅಲ್ಲಿ ಗಂಟು ಮೂಟಿ ಕಟ್ಟತಾವು. ಟೆಕ್ಕಿ ಅಣ್ಣಾ, ತಪ್ಪಾಗಿದ್ರ ತಿದ್ರಿ.

ಝೂಮ್‌ದಾಗ ಇನ್ನೊಂದು ಕಾಟ, ತಂಬೂರಿ ಒಂದ ಸಮ ಬಾರಸ್ತಿರ್ತೈತಿ ನೋಡ್ರಿ, ಅದನ್ನ ಫ್ಯಾನಿನ ಸಪ್ಪಳ ಅಂತ ತಿಳದು ಒರಸಿ ಹಾಕ್ತೈತಿ. ಸೆಟ್ಟಿಂಗಿನ್ಯಾಗ ಸಂಗೀತಗಾರರಿಗೆ "ಒರಿಜಿನಲ್ ಸೌಂಡ್" ಅಂತ ಐತಿ, ಅದನ್ನ ಚಾಲೂ ಮಾಡ್ರಿ.

ವಿದ್ಯಾನಗರ_ಟೆಕ್ಕಿ

ತಪ್ಪೇನಿಲ್ಲ ಗುರುಗಳ, ಬರೋಬ್ಬರಿ ಹೇಳೀರಿ. ನಾ ಸೋತೆ. 990ರ ಮಾತೂ ಹಂಗ: ಗದ್ದಲದ ಬಸ್ಸಿನ್ಯಾಗ, ಹತ್ತಾರು ಬ್ಲೂಟೂತ್ ನಡುವ, ಅದು ತಡವರಸ್ತದ. ನಾನ 660ಕ್ಕ ಇಳಿಸಿ ಇಟ್ಟೀನಿ.

ಮೇಡಂ, ವೈರಿಂದು ನೋಡೂದಾದ್ರ ಎರಡು ಹೇಳ್ತೀನಿ. ಮೂನ್‌ಡ್ರಾಪ್ ಚೂ 2: ಲೋಹದ ಸಣ್ಣ ಡಬ್ಬಿ, ವೈರ್ ಬಿಚ್ಚಿ ಬದಲಿಸಬಹುದು, ಕಿವಿ ಮ್ಯಾಲಿಂದ ಸುತ್ತಿ ಹಾಕೂದು. ಫೈನಲ್ ಇ500: ಬಂದೂಕಿನ ಗುಂಡಿನಂಥಾ ಆಕಾರ, ಬಟ್ಟಲಕ್ಕ ತಾಗೂದ ಇಲ್ಲ ಅನ್ನಬಹುದು, ಆದ್ರ ವೈರ್ ಕಿತ್ರ ಮುಗೀತು, ಬದಲಿಸೂಹಂಗಿಲ್ಲ. ಸೆವೆನ್ ಹರ್ಟ್ಸ್ ಸಾಲ್ನೋಟ್ಸ್ ಝೀರೋನೂ ಚಲೋ ಅಂತಾರ, ದನಿಗೆ ನಾನೂ ಹೂಂ ಅಂತೀನಿ, ಆದ್ರ ಡಬ್ಬಿ ಅಗಲ. ನಿಮ್ಮ ಕಿವಿಗೆ ಬ್ಯಾಡ.

ಟೈಪ್-ಸಿ ಕನೆಕ್ಟರ್ ತೊಗೊಳ್ಳುವಾಗ ಜ್ವಾಕಿ. ಅಗ್ಗದ್ದರೊಳಗ ಬರೇ ತಂತಿ ಜೋಡಿಸಿರ್ತಾರ, ಫೋನು ತಾನ ಅನಲಾಗ್ ದನಿ ಕೊಟ್ರ ಅಷ್ಟ ನಡೀತದ, ಭಾಳಷ್ಟು ಹೊಸ ಫೋನು ಕೊಡೂದಿಲ್ಲ. "ಡಿಎಸಿ ಚಿಪ್ ಒಳಗ ಅದ ಏನು?" ಅಂತ ಕೇಳ್ರಿ, ಫೋನಿನ ಡಿಜಿಟಲ್ ದನಿಯನ್ನ ಅನಲಾಗ್ ಮಾಡೂದು ಅದ. ನಾ ಮೊದಲನೇ ಸಲ ನೂರು ರೂಪಾಯಿ ಕೊಟ್ಟು ತಂದಿದ್ದು ಈಗ ಕೀಲಿಕೈ ಗೊಂಚಲಕ್ಕ ಶೋಕೇಸ್ ಆಗೇತಿ.

ಬ್ಯಾಡಗಿ_ಖಾರ (ಹಾವೇರಿ ಜಿಲ್ಲೆ)

ಸ್ಪಂಜಿನ ಬೂಚಿನ ಬಗ್ಗೆ ಮಾತು ಬಂತಲ್ರಿ, ನಂದೊಂದು ಕಥಿ ಕೇಳ್ರಿ.

ನಾ ಮೆಣಸಿನಕಾಯಿ ಮಾರ್ಕೆಟ್ಟಿನ್ಯಾಗ ಲೆಕ್ಕ ಬರೀತೀನಿ. ಸೀಜನ್‌ದಾಗ ಚೀಲ ಬಿಚ್ಚಿ ಮುಟ್ಟಿ ನೋಡಿ, ಮುರದು ನೋಡಿ ಕೈಯೆಲ್ಲಾ ಖಾರ. ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾದದ್ದು, ಖಾರ ಕಡಿಮಿ ಅಂತಾರ. ಕಡಿಮಿ ಎಷ್ಟು ಅನ್ನೂದು ನನ್ನ ಕಿವಿ ಕೇಳ್ರಿ. ಒಂದಿನ ಮಧ್ಯಾಹ್ನ ಅದ ಕೈಲೆ ಸ್ಪಂಜಿನ ಬೂಚು ಹೊಸದು, ಸಣ್ಣಗ ಮಾಡಿ ಕಿವ್ಯಾಗ ಇಟ್ಕೊಂಡೆ. ಅದು ಅರಳಾಕ ಅರ್ಧ ನಿಮಿಷ ಬೇಕು. ಅರ್ಧ ನಿಮಿಷ ಆಗೂದ್ರಾಗ ನಾನು ಅರಳಿದೆ. ನಳದ ಕೆಳಗ ತಲಿ ಕೊಟ್ಟು ಕೂತೆ, ಹಮಾಲರು ನಕ್ಕು ನಕ್ಕು ಚೀಲದ ಮ್ಯಾಲೆ ಬಿದ್ರು.

ಸ್ಪಂಜು ಹೀರಿದ್ದು ಬಿಡೂದಿಲ್ರಿ. ಖಾರಾನೂ ಹೀರ್ತೈತಿ, ಬೆವರೂ ಹೀರ್ತೈತಿ, ತೊಳ್ಯಾಕ ಬರೂದಿಲ್ಲ, ಏಪ್ರಿಲ್ ಬಿಸಲಾಗ ಅಂಟಂಟು ಆಗ್ತೈತಿ. ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಮ್ಯಾಲಿನ ದನಿ ಒಂದಿಷ್ಟು ಮಂಕೂ ಮಾಡ್ತೈತಿ. ಸಿಲಿಕಾನ್ ರಬ್ಬರ್ ಸಾಬಾಣ ಹಚ್ಚಿ ತೊಳದು ಒಣಗಿಸಿ ಹಾಕ್ಕೊಂಡ್ರ ಮುಗೀತು.

ರೇಡಿಯೊ_ಕಾಕಾ

ಬ್ಯಾಡಗಿಯವರ, ಬಾಯಾಗಿನ ಚಹಾ ಟೇಬಲ್ ಮ್ಯಾಲೆ ಬಿತ್ತು.

ತಿರಕಿಟ ಅವರ ಡಗ್ಗಾ ಮಾತು ಒಪ್ಪಿದೆ, ನಾಳಿಂದ ಅಂಗಡ್ಯಾಗ ಅದನ್ನ ಹಚ್ತೀನಿ. ಆದ್ರ ತಂಬೂರಿ ಪೂರಾ ಬಿಡೂದಿಲ್ಲ. ರಬ್ಬರ್ ಕೂತ ಮ್ಯಾಲೆ ತಂಬೂರಿ ಹಚ್ಚಿ ಹತ್ತು ನಿಮಿಷ ಸುಮ್ನ ಕೂಡ್ರಿ. ಜವಾರಿ ಝೇಂಕಾರ ರೇಷ್ಮಿಹಂಗ ಬರ್ತೈತೋ, ತಗಡು ಕೆರದಂಗ ಬರ್ತೈತೋ ಅನ್ನೂದು ಆವಾಗ ಗೊತ್ತಾಗ್ತೈತಿ. ಭಾಳ ಇಯರ್‌ಫೋನಿನ್ಯಾಗ ಮ್ಯಾಲಿನ ಸ್ವರ ಏರಿಸಿ ಇಟ್ಟಿರ್ತಾರ. ಅಂಗಡ್ಯಾಗ ಎರಡು ನಿಮಿಷ ಕೇಳಿದ್ರ "ಆಹಾ ಎಷ್ಟು ಸ್ವಚ್ಛ" ಅನಸ್ತೈತಿ. ಅರ್ಧ ತಾಸಿಗೆ ತಲಿ ಹಿಡೀತೈತಿ. ತಂಗಿಗೆ ಇದು ಮುಖ್ಯ, ಯಾಕಂದ್ರ ಆಕಿ ಕೇಳೂದು ಗಂಗೂಬಾಯಿ ಅವರ ಹಳೇ ರಿಕಾರ್ಡು. ನಿಮಿಷಕ್ಕ 78 ಸುತ್ತು ತಿರುಗೂ ತಟ್ಟಿ, ಒಂದು ಬದಿಗೆ ಮೂರು ಮೂರೂವರೆ ನಿಮಿಷ. ಅದರಾಗ ಮ್ಯಾಲಿನ ಸ್ವರದ ಕಡೆ ಹಾಡು ಇರೂದು ಕಡಿಮಿ, ಸರಸರ ಕರಕರಾನ ಹೆಚ್ಚು. ಮ್ಯಾಲಿಂದು ಏರಿಸಿದ ಇಯರ್‌ಫೋನು ಹಾಡು ಬಿಟ್ಟು ಸರಸರಾನ ಕೇಳಸ್ತೈತಿ. ಆ ತಾಯಿಯ ದನಿ ತೂಕ ಇರೂದು ಕೆಳಗ, ನಡುವ. ಅಲ್ಲಿ ಗಟ್ಟಿ ಇರೋದು ನೋಡು.

ಇನ್ನ ವೈರ್. ತುದಿ ಪಿನ್ನಿನ ಹತ್ರ ಕಿತ್ರ ಎಸೀಬ್ಯಾಡ್ರಿ. ಇದರ ತಂತಿ ಕೂದಲಕ್ಕಿಂತ ಸಣ್ಣು, ಎಳಿಗೆಳಿಗೆ ಮೆರುಗು ಬಳದಿರ್ತಾರ, ಅದಕ್ಕ ಒಂದು ಕೆಂಪು, ಒಂದು ಹಸರು, ಒಂದು ತಾಮ್ರದ ಬಣ್ಣ ಕಾಣ್ತೈತಿ, ನಡು ನೂಲು ಸೇರಿಸಿರ್ತಾರ. ಹೊಸಾ ಹುಡುಗ್ರು ಮೆರುಗು ಸುಡದ ಬೆಸಗಿ ಹಾಕ್ತಾರ, ಬೆಸಗಿ ಹಿಡಿದಂಗ ಕಾಣ್ತೈತಿ, ದನಿ ಬರೂದಿಲ್ಲ. ಕಾದ ಐರನ್ ತುದಿಗೆ ಒಂದು ಹನಿ ಸೀಸ ಇಟ್ಟು, ಅದರಾಗ ಎಳಿ ಮುಳುಗಿಸಿ ಹೊಗಿ ಬರೂತನಾ ಹಿಡೀಬೇಕು. ಮೆರುಗು ಸುಟ್ಟು ತಾಮ್ರ ಬೆಳ್ಳಗಾತು ಅಂದ್ರ ಆವಾಗ ಹಚ್ಚಬೇಕು. ಮೂವತ್ತು ರೂಪಾಯಿ ಕೆಲಸ. ವೈರ್ ಇಲ್ಲದ ಬಡ್ಡಿನ ಬ್ಯಾಟರಿ ಎರಡು ಮೂರು ವರ್ಷಕ್ಕ ಸೋತ್ರ ನನ್ನ ಹತ್ರ ಔಷಧ ಇಲ್ಲ, ಅಂಟು ಹಾಕಿ ಮುಚ್ಚಿರ್ತಾರ.

ತಂಗೀ, ಶನಿವಾರ ಅಂಗಡಿಗೆ ಬಾ. ಟೆಕ್ಕಿ ಸಾಹೇಬ್ರು ಎರಡೂ ಇಟ್ಟಾರಂತ, ತರ್ತಾರ. ಹೊಸಾ ರಬ್ಬರ್ ನಂದು.

ಚಿಗರಿ_ಪ್ರಯಾಣಿಕಳು

ಹೋಗಿ ಬಂದೆ. ಬರೀಲಿಕ್ಕೆ ತಡಾ ಆತು, ಮೂರು ವಾರ ಬಸ್ಸಿನ್ಯಾಗ ಬಳಸಿ ನೋಡಿನ ಬರೀಬೇಕು ಅಂತ ತಡದೆ.

ಚೂ 2 ಮೊದಲ ಹಾಕ್ಕೊಂಡೆ. ದನಿ ಭಾಳ ಚಲೋ ಇತ್ತು. ಆದ್ರ ವೈರ್ ಕಿವಿ ಮ್ಯಾಲಿಂದ ಸುತ್ತಬೇಕು, ಕನ್ನಡಕದ ಕಡ್ಡಿ, ಕೂದಲು, ಝುಮಕಿ ಸರಪಳಿ, ಎಲ್ಲಾ ಅಲ್ಲೇ ಜಾತ್ರಿ. ತಗೀಲಿಕ್ಕೆ ಹೋದಾಗ ಝುಮಕಿನೂ ಕೂಡೇ ಬಂತು. ಕಾಕಾ ನಕ್ಕರು, ಟೆಕ್ಕಿ ಅಣ್ಣ ನಗಲಿಲ್ಲ, ಅವರ ವೈರ್ ಎಳದಿತ್ತಲ್ಲ.

ಇ500 ಹಾಕ್ಕೊಂಡ್ರ ಏನೂ ಹಾಕ್ಕೊಂಡಿಲ್ಲ ಅನ್ನೂಹಂಗ. ಎಸಳಿಗೆ ತಾಗೂದ ಇಲ್ಲ. ಡಗ್ಗಾ ಹಚ್ಚಿ ಕೇಳಿದೆ, ಗುಮಕಿ ತುಂಡಾಗದ ಏರ್ತು. ಗಂಗೂಬಾಯಿ ಅವರದು ಹಚ್ಚಿದ್ವಿ. ಕಾಕಾ ಒಂದು ಕಿವಿ, ನಾನೊಂದು ಕಿವಿ. ಹಾಡು ಮುಗಿಯೂತನಾ ಅಂಗಡಿಗೆ ಬಂದ ಗಿರಾಕಿ ನಿಂತ ಇದ್ರು. ಅದನ್ನ ತೊಗೊಂಡೆ, ಅದರ ಜೋಡಿ ಡಿಎಸಿ ಚಿಪ್ ಇರೋ ಒಂದು ಕನೆಕ್ಟರ್. ಎರಡೂ ಕೂಡಿ ಮೂರು ಸಾವಿರ ದಾಟಲಿಲ್ಲ.

ತಕರಾರು ಇಲ್ಲ ಅಂತಲ್ಲ. ವೈರ್ ಸೆರಗಿಗೆ, ಬ್ಯಾಗಿನ ಪಟ್ಟೀಗೆ ಉಜ್ಜಿದ್ರ ಕಿವ್ಯಾಗ ಖರ್ ಖರ್ ಅಂತದ. ವೈರ್ ಕಿವಿ ಮ್ಯಾಲಿಂದ ತಂದ್ರ ಕಡಿಮಿ ಆಗ್ತದ ಅಂದ್ರು, ಝುಮಕಿ ಇಲ್ಲದ ದಿನಾ ಹಂಗ ಮಾಡ್ತೀನಿ, ಇದ್ದ ದಿನಾ ಕುಪ್ಪಸಕ್ಕ ಒಂದು ಕ್ಲಿಪ್. ಚಕ್ಕುಲಿ ತಿನ್ನಬಾರದು ಅಂತೂ ಗೊತ್ತಾತು, ತಲಿಯೊಳಗ ಕಲ್ಲು ಒಡದಂಗ ಕೇಳ್ತದ. ವಾಲ್ಯೂಮ್ ಮೊದಲಿನಕ್ಕಿಂತ ಐದು ಗೆರಿ ಕೆಳಗ ಅದ. ಮಗ್ಗದ ಅಣ್ಣಾರ, ನಿಮ್ಮ ಮಾತು ನವನಗರ ಬಂದಾಗೆಲ್ಲಾ ನೆನಪಾಗ್ತದ. ಈಗ ಉಣಕಲ್ ದಾಟಿದ್ರೂ ತಗಿಯೂದಿಲ್ಲ. ಹ್ವಾದ ಮಂಗಳವಾರ ಇಳ್ಯೂ ಸ್ಟಾಪ್ ದಾಟಿ ಮುಂದಿನ ಸ್ಟಾಪಿಗೆ ಹೋಗಿದ್ದೆ.

ಒಂದ ಬ್ಯಾಸರ. ರಬ್ಬರ್ ಜೋಡಿ ಜೋಡೀನ ಮಾರ್ತಾರ. ಬಲಕ್ಕ ಸಣ್ಣು, ಎಡಕ್ಕ ದೊಡ್ಡದು ಹಾಕೀನಿ, ಪ್ರತಿಯೊಂದರಾಗೂ ಒಂದೊಂದು ಉಳದು ವೇಸ್ಟ್ ಆತು. ನನ್ನ ಉಲ್ಟಾ ಕಿವಿ ಇರೋವ್ರು, ಅಂದ್ರ ಎಡ ಸಣ್ಣು ಬಲ ದೊಡ್ಡದು ಇರೋವ್ರು ಯಾರರೇ ಇದ್ರ ಹೇಳ್ರಿ, ಹೊಸಾವ ಅದಾವ, ಜುಬಿಲಿ ಸರ್ಕಲ್‌ನ್ಯಾಗ ಕೊಡ್ತೀನಿ.

ಬೆಟಗೇರಿ_ಮಗ್ಗ

ಅಕ್ಕಾರ, ರಬ್ಬರಿಗೆ ಎಡ ಬಲ ಎಲ್ಲಿ ಐತ್ರಿ? ಉಳದದ್ದು ಒಂದು ಸಣ್ಣು, ಒಂದು ದೊಡ್ಡದು. ಅದು ನಿಮ್ದ ಇನ್ನೊಂದು ಸೆಟ್ಟು.

ಚಿಗರಿ_ಪ್ರಯಾಣಿಕಳು

ಅಯ್ಯ ನನ ಶಿವನ. ಹೌದಲ್ರಿ!